ಒಂದೂವರೆ ಬುದ್ಧಿವಂತ

ನನಗೊಂದು ಕಾಯಿಲೆ ಇದೆ. ಡಾಕ್ಟರಿಗೆ ಹೇಳಿಕೊಳ್ಳುವಂಥದ್ದಲ್ಲ, ಯಾಕೆಂದರೆ ಡಾಕ್ಟರ ಎದುರು ಕೂತಾಗಲೇ ಅದು ಹೆಚ್ಚು ಉಲ್ಬಣಿಸುತ್ತದೆ. ನನಗೆ ಏನಾದರೂ ಗೊತ್ತಿಲ್ಲ ಎಂದರೆ ತಡೆಯುವುದಿಲ್ಲ. ಗೊತ್ತಿರುವುದನ್ನು ಇನ್ನೊಬ್ಬರಿಗೆ ಹೇಳದಿದ್ದರಂತೂ ಅನ್ನ ಸೇರುವುದಿಲ್ಲ. ತಿಳಿದುಕೊಂಡಷ್ಟೂ ಒಳ್ಳೆಯದು ಎಂದು ಮೇಷ್ಟರು ಹೇಳಿದ್ದನ್ನು ನನ್ನ ಜೊತೆ ಓದಿದವರೆಲ್ಲ ಪರೀಕ್ಷೆ ಮುಗಿದ ಮಾರನೆಯ ದಿನವೇ ಮರೆತು ಸುಖವಾಗಿದ್ದಾರೆ. ನಾನೊಬ್ಬ ಅದನ್ನು ನೆನಪಿಟ್ಟುಕೊಂಡು ಐವತ್ತೆರಡನೆಯ ವಯಸ್ಸಿಗೆ ಈ ಗತಿಗೆ ಬಂದಿದ್ದೇನೆ. ಯಾವ ಗತಿ ಎಂಬುದನ್ನು ಹೇಳುತ್ತೇನೆ. ಹೇಳದೆ ಇರುವುದು ನನ್ನಿಂದ ಆಗುವುದಿಲ್ಲ ಎಂಬುದು ಇಷ್ಟರಲ್ಲಿ ನಿಮಗೂ ಗೊತ್ತಾಗಿರಬೇಕು.

ಬೊರಿವಲಿಯಿಂದ ದಿನಾ ಲೋಕಲ್ ಹಿಡಿದು ಆಫೀಸಿಗೆ ಹೋಗುವವನು ನಾನು. ಆ ನೂಕುನುಗ್ಗಲಿನಲ್ಲಿ ಉಳಿದವರು ನಿಂತಲ್ಲೇ ನಿದ್ದೆ ಮಾಡುತ್ತಾರೆ, ಭಜನೆ ಹಾಡುತ್ತಾರೆ, ಮೊಬೈಲಿನಲ್ಲಿ ಮುಳುಗಿರುತ್ತಾರೆ. ನಾನು ಮಾತ್ರ ಯಾರಿಗೆ ಏನು ಗೊತ್ತಿಲ್ಲ ಎಂದು ಹುಡುಕುತ್ತಿರುತ್ತೇನೆ. ದಾದರಿನಲ್ಲಿ ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆ ಎಂದು ಕೇಳದಿದ್ದವರಿಗೂ ಹೇಳಿ ಪುಣ್ಯ ಕಟ್ಟಿಕೊಳ್ಳುತ್ತೇನೆ. ಒಂದು ಸಲ ಹೀಗೆಯೇ ಒಬ್ಬ ಹಿರಿಯರನ್ನು ಬಲವಂತವಾಗಿ ಈ ಬಾಗಿಲಿನಿಂದ ಆ ಬಾಗಿಲಿಗೆ ಕಳಿಸಿದೆ. ಆವತ್ತು ಗಾಡಿ ಬೇರೆ ಹಳಿ ಹಿಡಿದಿತ್ತು. ಪ್ಲಾಟ್‌ಫಾರ್ಮ್ ಅವರು ಮೊದಲು ನಿಂತಿದ್ದ ಕಡೆಗೇ ಬಂತು, ಅವರು ಮುಂದಿನ ಸ್ಟೇಷನ್ನಿಗೆ ಹೋಗಿ ಇಳಿದರು. ಇಳಿಯುವಾಗ ನನ್ನ ಕಡೆ ತಿರುಗಿ ಗುಜರಾತಿಯಲ್ಲಿ ಏನೋ ಉದ್ದಕ್ಕೆ ಹೇಳಿದರು. ನನಗೆ ಗುಜರಾತಿ ಬರುವುದಿಲ್ಲವಾದ್ದರಿಂದ ಆಶೀರ್ವಾದ ಎಂದುಕೊಂಡು ಕೈ ಮುಗಿದೆ. ಗೊತ್ತಿಲ್ಲದಿರುವುದರ ಲಾಭ ಏನೆಂದು ಆ ಹೊತ್ತಿಗೇ ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ.

ಮಾಟುಂಗದಲ್ಲಿ ಒಂದು ಉಡುಪಿ ಹೋಟೆಲಿಗೆ ಭಾನುವಾರಗಳಂದು ಸಂಸಾರ ಸಮೇತ ಹೋಗುವ ರೂಢಿ ನಮ್ಮದು. ಅಲ್ಲಿ ಇಡ್ಲಿಗೆ ಉದ್ದು ಎಷ್ಟು, ಅಕ್ಕಿ ಎಷ್ಟು, ಹಿಟ್ಟು ಎಷ್ಟು ಹೊತ್ತು ಹುದುಗಬೇಕು ಎಂದು ನಾನು ವಿವರಿಸುತ್ತಿದ್ದಾಗ, ಎಷ್ಟೋ ವರ್ಷದಿಂದ ಅಲ್ಲೇ ಬಡಿಸುತ್ತಿರುವ ಕುಂದಾಪುರದ ಕಡೆಯವರೊಬ್ಬರು ತಟ್ಟೆ ಕೆಳಗಿಟ್ಟು, "ನಿಮಗೆ ಎಲ್ಲ ಗೊತ್ತುಂಟಲ್ಲ ಮಾರಾಯ್ರೆ, ಹಾಗಾದ್ರೆ ಮನೆಯಲ್ಲೇ ಮಾಡಿ ತಿನ್ಲಿಕ್ಕೆ ಆಗುದಿಲ್ವಾ?" ಎಂದರು. ಅವರಿಗೆ ಕೆಲಸ ಜಾಸ್ತಿ, ಪಾಪ, ಅದಕ್ಕೇ ರೇಗಾಟ ಎಂದು ಹೆಂಡತಿಗೆ ಸಮಾಧಾನ ಹೇಳಿದೆ. ಅವಳಿಗೆ ಸಮಾಧಾನ ಬೇಕಾಗಿರಲಿಲ್ಲ. ಅವಳು ಆಗಲೇ ಇಡ್ಲಿ ಮುಗಿಸಿ ಕಾಫಿ ಹೇಳಿಯಾಗಿತ್ತು.

ಇಷ್ಟೆಲ್ಲ ತಿಳಿದ ನನಗೆ ತಿಳಿಯದೆ ಉಳಿದದ್ದು ಒಂದೇ: ಮರಾಠಿ. ಮದ್ದೂರಿನಿಂದ ಬಂದು ಈ ಊರು ಸೇರಿ ಇಪ್ಪತ್ತು ವರ್ಷದ ಮೇಲಾಯಿತು. ಮೊದಲು ಆಂಟಾಪ್ ಹಿಲ್‌ನಲ್ಲಿ ಬಾಡಿಗೆಗಿದ್ದೆವು. ಅಲ್ಲಿ ಅಕ್ಕಪಕ್ಕದವರೆಲ್ಲ ನಮ್ಮ ಕಡೆಯವರೇ. ಜಗಳ ಕೂಡ ಕನ್ನಡ ತಮಿಳುಗಳಲ್ಲೇ ಮುಗಿದುಹೋಗುತ್ತಿತ್ತು. ಹತ್ತು ವರ್ಷದ ಹಿಂದೆ ಬೊರಿವಲಿಯ ಈ ಬಿಲ್ಡಿಂಗಿಗೆ ಬಂದಾಗ ಮರಾಠಿ ಕಲಿಯಬೇಕಾಯಿತು. ಕಲಿಯಲು ಹೊರಟವನಿಗೆ ಮೊದಲ ದಿನವೇ ಒಂದು ಸತ್ಯ ಸಾಕ್ಷಾತ್ಕಾರವಾಯಿತು. ತೆಂಗಿನಕಾಯಿ ತರಲು ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ ತರಕಾರಿಯವಳು "ಕಾಯ್ ಪಾಹಿಜೆ?" ಎಂದಳು. ಏನು ಬೇಕು ಎಂದು ಅದರರ್ಥ. ನನಗೆ ಕೇಳಿಸಿದ್ದು ಕಾಯಿ ಬೇಕಾ ಎಂದು. ಕಾಯಿಗೇ ಬಂದಿದ್ದೇನೆಂದು ಇವಳಿಗೆ ಹೇಗೆ ಗೊತ್ತಾಯಿತು ಎಂದು ಬೆರಗಾಗಿ, "ಹಾಂ, ಕಾಯಿ, ಒಂದು" ಎಂದು ಬೆರಳು ತೋರಿಸಿದೆ. ಅವಳು ಕಾಯಿಯನ್ನೇ ಕೊಟ್ಟಳು. ಮರಾಠಿ ಎಂದರೆ ಇಷ್ಟೇ, ಕನ್ನಡವನ್ನೇ ಸ್ವಲ್ಪ ಗಂಟಲು ಬಿಗಿಹಿಡಿದು ಆಡುವುದು ಎಂದು ತೀರ್ಮಾನಿಸಿ ಮನೆಗೆ ಬಂದೆ.

ಈ ತೀರ್ಮಾನದ ಮೇಲೆ ನಾನು ಕಟ್ಟಿದ ಮರಾಠಿ ಬಹಳ ಕಾಲ ಗಟ್ಟಿಯಾಗಿಯೇ ನಿಂತಿತ್ತು. ಗೊತ್ತಿಲ್ಲದ ಪದ ಬಂದರೆ ಅದನ್ನು ಒಡೆಯುವುದು, ಒಂದೊಂದು ತುಂಡಿಗೂ ಕನ್ನಡದಲ್ಲೋ ಹಿಂದಿಯಲ್ಲೋ ಅರ್ಥ ಹುಡುಕುವುದು, ಮತ್ತೆ ಜೋಡಿಸುವುದು. ನಡುವೆ ಒಂದು ಸಲ ಮಾತ್ರ ಎಡವಟ್ಟಾಯಿತು. ನಮ್ಮ ಎದುರು ಮನೆಯ ಹಿರಿಯಾಕೆ ಸಾವಂತ್ ಕಾಕೂ ತಮ್ಮ ಮೊಮ್ಮಗಳ ಗಣಿತದ ಪೇಪರ್ "ಫಾರ್ ಅವಘಡ್" ಎಂದರು. ಬಹಳ ಕಷ್ಟವಾಗಿತ್ತು ಎಂದು ಅವರ ಮಾತಿನ ಅರ್ಥ. ಅವಘಡ ಎಂಬುದು ಕಿವಿಗೆ ಬಿದ್ದದ್ದೇ ನಾನು ಒಳಗೆ ಓಡಿ ಅಂಗಿ ಸಿಕ್ಕಿಸಿಕೊಂಡು ಬಂದು ಯಾವ ಆಸ್ಪತ್ರೆ ಎಂದು ಕೇಳಿದೆ. ಆ ಹುಡುಗಿ ಈಗಲೂ ಲಿಫ್ಟಿನಲ್ಲಿ ಸಿಕ್ಕರೆ ಕೇಳುವ ಮೊದಲೇ "ಅಂಕಲ್, ಮೈ ಠೀಕ್ ಹೂಂ" ಎನ್ನುತ್ತಾಳೆ. ಇದೊಂದು ಅಪವಾದ ಎಂದು ಬದಿಗಿಟ್ಟು ನಾನು ನನ್ನ ಪದ್ಧತಿಯನ್ನೇ ಮುಂದುವರಿಸಿದೆ.

ಸಾವಂತ್ ಕಾಕಾ ಅಂದರೆ ಈ ಕಾಕೂವಿನ ಯಜಮಾನರು, ರೇಲ್ವೆಯಲ್ಲಿ ಮೋಟರ್‌ಮನ್ ಆಗಿ ನಿವೃತ್ತರಾದವರು. ಆಯುಷ್ಯವೆಲ್ಲ ಲೋಕಲ್ ಓಡಿಸಿದ ಮನುಷ್ಯ. ಲೋಕಲ್ ಹೇಗೆ ಓಡುತ್ತದೆ ಎಂದು ಅವರನ್ನೇ ಕೂರಿಸಿಕೊಂಡು ವಿವರಿಸಿದವನು ನಾನು. ಅವರು ಎಲ್ಲವನ್ನೂ ಶಾಂತವಾಗಿ ಕೇಳಿ ಚಹಾ ಕೊಟ್ಟರು. ಅಂದಿನಿಂದ ದಿನಾ ಬೆಳಿಗ್ಗೆ ನಮ್ಮಿಬ್ಬರ ಬಾಗಿಲುಗಳ ನಡುವಿನ ಪ್ಯಾಸೇಜಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನಿಂಬೆಹುಲ್ಲು ಹಾಕಿದ ಚಹಾ ಕುಡಿಯುವುದು ನಮ್ಮ ವಾಡಿಕೆಯಾಯಿತು. ಅವರು ಕಾಲುಭಾಗ ಹಿಂದಿಯಲ್ಲಿ, ಮುಕ್ಕಾಲು ಭಾಗ ಮರಾಠಿಯಲ್ಲಿ ಮಾತಾಡುವರು. ನಾನು ತಿಳಿದಷ್ಟಕ್ಕೆ ಉತ್ತರಿಸಿ, ತಿಳಿಯದ್ದಕ್ಕೆ ತಲೆಯಾಡಿಸುವೆ. ಈ ಊರಿನಲ್ಲಿ ನನಗೆ ಸ್ನೇಹಿತರು ಎಂದು ಇರುವವರು ಅವರೊಬ್ಬರೇ. ಉಳಿದವರೆಲ್ಲ ನನ್ನಿಂದ ತಿಳಿದುಕೊಳ್ಳಬೇಕಾದದ್ದನ್ನೆಲ್ಲ ಬೇಗ ತಿಳಿದುಕೊಂಡು ಹೊರಟುಹೋಗಿದ್ದಾರೆ.

ನಾವು ಬಂದ ಮೊದಲ ತಿಂಗಳಲ್ಲೇ ಸೊಸೈಟಿಯ ಸಭೆಯಿತ್ತು. ನೀರಿನ ಟ್ಯಾಂಕು ತೊಳೆಸುವ ವಿಷಯ. ನಾನು ಎದ್ದು ಟ್ಯಾಂಕಿನ ಇತಿಹಾಸದಿಂದ ಶುರುಮಾಡಿ, ಪಾಚಿಯ ಬಗೆಗಳಿಗೆ ಬಂದು, ನೀರಿನ ಒತ್ತಡದ ಲೆಕ್ಕ ಹೇಳುತ್ತಿದ್ದಾಗ ಕಾಕಾ ನಗುತ್ತಾ "ಬಸಾ, ದೀಡ್ ಶಹಾಣೆ, ಬಸಾ" ಎಂದರು. ಕೂತುಕೊಳ್ಳಿ ಎಂಬುದು ತಿಳಿಯಿತು. ದೀಡ್ ಶಹಾಣೆ ಎಂಬುದು ಹೊಸದು. ಸಭೆಯೆಲ್ಲ ಖುಷಿಯಿಂದ ನಕ್ಕಿತು. ಕೆಳಗೆ ಬಂದು ನಮ್ಮ ವಾಚ್‌ಮನ್ ಮಲ್ಲಪ್ಪನವರನ್ನು ವಿಚಾರಿಸಿದೆ. ಅವರು ವಿಜಯಪುರದ ಕಡೆಯವರು, ಮರಾಠಿ ಚೆನ್ನಾಗಿ ಬಲ್ಲವರು. "ಶಹಾಣೆ ಅಂದ್ರೇನು ಮಲ್ಲಪ್ಪನವರೇ?" ಎಂದೆ. "ಶಾಣ್ಯಾ ಅಂತರೀ ಸಾಹೇಬ್ರ, ಬುದ್ಧಿವಂತ್ರು ಅಂತ" ಎಂದರು. ಅಷ್ಟು ಸಾಕಾಯಿತು. ದೀಡ್ ಎಂದರೆ ಹಿಂದಿಯ ಡೇಢ್, ಒಂದೂವರೆ, ಅದನ್ನು ನಾನೇ ಕಂಡುಕೊಂಡೆ. ಮಲ್ಲಪ್ಪನವರಿಗೆ ಎರಡೂ ತುಂಡನ್ನು ಕೂಡಿಸಿ ಕೇಳಿದ್ದರೆ ಈ ಪ್ರಬಂಧ ಅಲ್ಲಿಗೇ ಮುಗಿದಿರುತ್ತಿತ್ತು.

ಒಂದೂವರೆ ಬುದ್ಧಿವಂತ! ಬೇರೆಯವರು ಒಂದು ಬುದ್ಧಿ ಇಟ್ಟುಕೊಂಡು ಒದ್ದಾಡುವಾಗ ನನಗೆ ಅರ್ಧ ಹೆಚ್ಚಿಗೆ. ಪರಭಾಷೆಯ ಜನ, ಬಂದು ಒಂದು ತಿಂಗಳಾಗಿಲ್ಲ, ಗುರುತಿಸಿಬಿಟ್ಟರಲ್ಲ ಎಂದು ಕಣ್ಣು ತುಂಬಿ ಬಂತು. ಮನೆಗೆ ಹೋಗಿ ಹೆಂಡತಿ ಶಾರದೆಗೆ ಹೇಳಿದೆ. ಅವಳು ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದುಕೊಂಡೇ ತಿರುಗಿ, "ಅದರ ಅರ್ಥ ಗೊತ್ತಾ ನಿಮಗೆ?" ಎಂದಳು. "ಗೊತ್ತು" ಎಂದೆ. "ಸರಿ ಬಿಡಿ ಹಾಗಾದ್ರೆ" ಎಂದು ಮತ್ತೆ ಒಲೆಯ ಕಡೆ ತಿರುಗಿದಳು. ನನ್ನ ಏಳಿಗೆ ಕಂಡು ಅವಳಿಗೆ ಮಾತೇ ಹೊರಡಲಿಲ್ಲ ಎಂದು ನಾನು ತಿಳಿದೆ. ಮದ್ದೂರಿಗೆ ಫೋನ್ ಮಾಡಿ ಅಮ್ಮನಿಗೂ ತಿಳಿಸಿದೆ. ಅಣ್ಣನ ಮನೆಯ ಜಗಲಿಯ ಮೇಲೆ ಕೂತು ಅಮ್ಮ ಹೋಗಿ ಬರುವವರಿಗೆಲ್ಲ, "ಬೊಂಬಾಯ್ನಲ್ಲಿ ನಮ್ ಮಂಜುನಾಥಂಗೆ ಬಿರುದು ಕೊಟ್ಟವ್ರಂತೆ ಕಣಮ್ಮ" ಎಂದು ಹೇಳಿದ್ದು ಆ ಬೀದಿ ದಾಟಿ ಹೊಳೆಯ ತನಕ ಹೋಯಿತಂತೆ.

ಹೀಗೆ ಒಂಬತ್ತು ವರ್ಷ ಕಳೆಯಿತು. ಬೆಳಿಗ್ಗೆ ಬಾಗಿಲು ತೆರೆದರೆ "ಕಾಯ್ ದೀಡ್ ಶಹಾಣೆ, ಚಹಾ?" ಎಂದು ಕಾಕಾ ಕರೆಯುವರು. "ಹೋ, ಹೋ" ಎಂದು ನಾನು ಎದೆ ಉಬ್ಬಿಸಿಕೊಂಡು ಹೋಗಿ ಕೂರುವೆ. ನನ್ನ ಬದುಕಿನ ಅತ್ಯಂತ ಸುಖದ ಬೆಳಗುಗಳು ಅವು. ಹೋದ ವರ್ಷ ಗಣೇಶೋತ್ಸವದಲ್ಲಿ ಸೊಸೈಟಿಯ ಸೆಕ್ರೆಟರಿ ನಾಲ್ಕು ಮಾತಾಡಿ ಎಂದು ನನ್ನನ್ನು ಕರೆದಾಗ, ಇಷ್ಟು ಪ್ರೀತಿ ತೋರಿಸಿದ ಜನಕ್ಕೆ ಅವರ ಭಾಷೆಯಲ್ಲೇ ಕೃತಜ್ಞತೆ ಹೇಳಬೇಕೆನಿಸಿತು. ಕನ್ನಡ ಲಿಪಿಯಲ್ಲಿ ಮರಾಠಿ ಭಾಷಣ ಬರೆದುಕೊಂಡೆ. ಯಾರಿಗೂ ತೋರಿಸಲಿಲ್ಲ. ತೋರಿಸಲು, ತಿದ್ದಿಸಲು ಅದರಲ್ಲಿ ನನಗೆ ಗೊತ್ತಿಲ್ಲದ್ದು ಏನಿತ್ತು?

ವೇದಿಕೆ ಹತ್ತಿ ಮೈಕು ಹಿಡಿದು ಸ್ಪಷ್ಟವಾಗಿ ಹೇಳಿದೆ: "ಮೀ ದೀಡ್ ಶಹಾಣಾ ಆಹೇ." ನಾನು ದೀಡ್ ಶಹಾಣಾ. "ಮಾಝೇ ವಡೀಲ್ ಪಣ್ ದೀಡ್ ಶಹಾಣೇ ಹೋತೇ." ನಮ್ಮ ತಂದೆಯವರೂ ಹಾಗೇ ಇದ್ದರು. ಮೊದಲ ಸಾಲಿನಿಂದ ಒಂದು ಚೀತ್ಕಾರದಂಥ ನಗೆ ಬಂತು. ಸ್ವರ್ಗದಲ್ಲಿರುವ ನಮ್ಮಪ್ಪನನ್ನು ಇಷ್ಟು ಜನ ನೆನೆಯುತ್ತಿದ್ದಾರಲ್ಲ ಎಂದು ನನಗೂ ಉತ್ಸಾಹ ಬಂದು, ಕೊನೆಯದಾಗಿ, "ಬಾಪ್ಪಾಚ್ಯಾ ಕೃಪೇನೇ ಮಾಝೀ ಮುಲಗೀ ಪಣ್ ದೀಡ್ ಶಹಾಣೀ ಹೋಯೀಲ್" ಎಂದೆ. ಗಣಪತಿಯ ಕೃಪೆಯಿಂದ ನನ್ನ ಮಗಳೂ ಹಾಗೇ ಆಗಲಿ ಎಂದು. ಚಪ್ಪಾಳೆ ನಿಲ್ಲಲೇ ಇಲ್ಲ. ಕೆಲವರು ಕಣ್ಣೊರೆಸಿಕೊಂಡರು. ಸೆಕ್ರೆಟರಿ ಬಂದು ನನ್ನ ಕೈಗೆ ಒಂದು ತೆಂಗಿನಕಾಯಿ ಕೊಟ್ಟು ಬೆನ್ನು ತಟ್ಟಿದರು. ಮಗಳು ಮೇಘನಾ ಎರಡನೆಯ ಸಾಲಿನಲ್ಲಿ ದುಪಟ್ಟಾದಿಂದ ಮುಖ ಮುಚ್ಚಿಕೊಂಡಿದ್ದಳು. ಆನಂದಬಾಷ್ಪವಿರಬೇಕು ಎಂದುಕೊಂಡೆ.

ಮನೆಗೆ ಬಂದ ಮೇಲೆ ಅವಳು ಬಾಗಿಲು ಹಾಕಿ, "ಅಪ್ಪಾ, ಆ ವರ್ಡ್‌ದು ಮೀನಿಂಗ್ ನಿಮಗೆ ಸಚ್ಚೀ ಗೊತ್ತಿಲ್ವಾ?" ಎಂದಳು.

"ಒಂದೂವರೆ ಬುದ್ಧಿವಂತ."

"ಹಾಂ, ಮತ್ಲಬ್, ವರ್ಡ್ ಟು ವರ್ಡ್ ಅದೇ. ಲೇಕಿನ್..." ಅವಳು ಅಮ್ಮನ ಮುಖ ನೋಡಿದಳು. ಅಮ್ಮ ತೆಂಗಿನಕಾಯಿಯನ್ನು ನೋಡುತ್ತಿದ್ದಳು. "ಅಪ್ಪಾ, ನಿಮಗೆ ಗೊತ್ತಾಗ್ಲೇಬೇಕಾ? ಛೋಡೋ ನಾ."

ಬುದ್ಧಿಯಿದ್ದವನಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದೆ. ಗೊತ್ತಾಗಲೇಬೇಕು ಎಂದೆ. ಅವಳು ಹೇಳಿದಳು. ಎಲ್ಲ ತನಗೇ ಗೊತ್ತು ಎಂದು ಮೆರೆಯುವವನಿಗೆ, ಕೇಳದಿದ್ದರೂ ಬುದ್ಧಿ ಹೇಳುವವನಿಗೆ, ಅಧಿಕಪ್ರಸಂಗಿಗೆ ಮರಾಠಿಯಲ್ಲಿ ಹಾಗೆನ್ನುತ್ತಾರಂತೆ. ಇಡೀ ಬಿಲ್ಡಿಂಗ್ ಒಂಬತ್ತು ವರ್ಷದಿಂದ ನನ್ನನ್ನು ಬೈಯುತ್ತಿತ್ತು, ನಾನು ಥ್ಯಾಂಕ್ಸ್ ಹೇಳುತ್ತಿದ್ದೆ. ಅದು ಸಾಲದೆಂದು, ಗಣಪತಿಯ ಸಮ್ಮುಖದಲ್ಲಿ ಮೈಕು ಹಿಡಿದು, ತೀರಿಕೊಂಡ ಅಪ್ಪನನ್ನೂ ಹದಿನೆಂಟು ತುಂಬಿದ ಮಗಳನ್ನೂ ಆ ಪಟ್ಟಿಗೆ ನಾನೇ ಸೇರಿಸಿ ಬಂದಿದ್ದೆ.

ಜ್ಞಾನದ ಬೆಳಕು ಎನ್ನುತ್ತಾರಲ್ಲ, ಆ ಬೆಳಕಿನಲ್ಲಿ ನನ್ನ ಒಂಬತ್ತು ವರ್ಷ ಒಂದೊಂದಾಗಿ ಎದ್ದು ಬಂದವು. ಹೋಳಿಯಲ್ಲಿ ಮಕ್ಕಳು ನನ್ನ ಬೆನ್ನ ಮೇಲೆ ಬರೆದದ್ದು, ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ನಾನು ಏನು ಹಾಕಿದರೂ ಬೀಳುತ್ತಿದ್ದ ಆ ನಗುವಿನ ಚಿತ್ರಗಳು, ಎಲ್ಲದಕ್ಕೂ ಅರ್ಥ ಬಂತು. ಅರ್ಥ ಬಂದದ್ದೇ ಸುಖ ಹೋಯಿತು. ಸಿಟ್ಟೆಲ್ಲ ಕಾಕಾನ ಮೇಲೆ. ಬೇರೆಯವರು ಏನೆಂದರೂ ಬಿಡಬಹುದು. ದಿನಾ ಬೆಳಿಗ್ಗೆ ಚಹಾ ಕೊಟ್ಟು ಬೈಯುವುದು ಎಂಥ ಸ್ನೇಹ? ಮಾರನೆಯ ದಿನದಿಂದ ಪ್ಯಾಸೇಜಿಗೆ ಹೋಗುವುದನ್ನು ನಿಲ್ಲಿಸಿದೆ. "ಕಾಯ್ ದೀಡ್ ಶಹಾಣೆ" ಎಂದು ಹೊರಗಿನಿಂದ ಕೂಗು ಕೇಳಿಸಿದರೆ ಬಚ್ಚಲಿನ ನಲ್ಲಿ ಜೋರಾಗಿ ತಿರುಗಿಸುತ್ತಿದ್ದೆ. ನಾಲ್ಕನೆಯ ದಿನದಿಂದ ಕೂಗೂ ನಿಂತಿತು. ಬಾಗಿಲಿನ ಕಿಂಡಿಯಿಂದ ನೋಡಿದರೆ ಎರಡೂ ಕುರ್ಚಿ ಹಾಕಿಕೊಂಡು ಕಾಕಾ ಒಂದರ ಮೇಲೆ ಕೂತಿರುತ್ತಿದ್ದರು. ಶಾರದೆ ಮಾಡಿಕೊಟ್ಟ ಕಾಫಿ ಕುಡಿಯುತ್ತಾ ಕಿಂಡಿಯಲ್ಲಿ ನೋಡುವುದು ನನ್ನ ಹೊಸ ವಾಡಿಕೆಯಾಯಿತು. ನನಗೆ ಬಹಳ ಬೇಸರವಾಯಿತು. ಗೊತ್ತಾಗದೆ ಇದ್ದಿದ್ದರೆ ನಾನೂ ಆ ಕುರ್ಚಿಯಲ್ಲಿ ಕೂತು ನಗುತ್ತಿರುತ್ತಿದ್ದೆನಲ್ಲ ಎಂದು ಮಗಳ ಮೇಲೂ ಸಿಟ್ಟು ಬಂತು.

ಹನ್ನೊಂದನೆಯ ದಿನ ಬಾಗಿಲ ಬೆಲ್ಲು ಬಾರಿಸಿತು. ತೆರೆದರೆ ಕಾಕಾ, ಎರಡು ಕೈಯಲ್ಲಿ ಎರಡು ಕಪ್ಪು. "ರಾಗಾವಲಾತ್ ಕಾ?" ಎಂದರು. ಸಿಟ್ಟಾಗಿದ್ದೀರಾ ಎಂದು. ನಾನು ಹಿಂದಿಯಲ್ಲಿ ನೇರವಾಗಿಯೇ ಕೇಳಿದೆ: ಒಂಬತ್ತು ವರ್ಷದಿಂದ ಹೀಗೆ ಕರೆಯುತ್ತಿದ್ದೀರಲ್ಲ, ನಿಮಗೆ ಏನೂ ಅನ್ನಿಸಲಿಲ್ಲವೇ? ಕಾಕಾ ಕಕ್ಕಾಬಿಕ್ಕಿಯಾಗಿ, "ಅರೇ, ಆಪ್‌ಕೋ ಪತಾ ನಹೀಂ ಥಾ? ಹಮ್‌ಕೋ ಲಗಾ ಆಪ್ ಮಝಾಕ್ ಸಮಝತೇ ಹೈಂ!" ಎಂದರು. ನಿಮಗೆ ಇದು ತಮಾಷೆ ಎಂದು ಗೊತ್ತಿದೆ ಅಂದುಕೊಂಡಿದ್ದೆವು ಎಂದು. ಆಮೇಲೆ ಧ್ವನಿ ತಗ್ಗಿಸಿ, "ಔರ್ ಯೇ ನಾಮ್ ಮೈಂನೇ ನಹೀಂ ರಖಾ. ವಹಿನೀ ನೇ ರಖಾ" ಎಂದರು.

ಹೆಸರಿಟ್ಟದ್ದು ತಾನಲ್ಲ, ವಹಿನೀ ಎಂದು. ವಹಿನೀ ಎಂದರೆ ಅತ್ತಿಗೆ. ಕಾಕಾನಿಗೆ ಈ ಬಿಲ್ಡಿಂಗಿನಲ್ಲಿ ವಹಿನೀ ಎಂದು ಕರೆಯಿಸಿಕೊಳ್ಳುವವಳು ಒಬ್ಬಳೇ, ಅವಳು ನನ್ನ ಹಿಂದೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ನೀನಾ?" ಎಂದೆ.

"ನಾನಲ್ದೆ ಇನ್ಯಾರು ಹೇಳ್ಬೇಕಿತ್ತು?" ಎಂದಳು ಶಾರದೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ. "ನಾವು ಬಂದ ಮೊದಲನೇ ವಾರ ಕಾಕೂ ಪೂರಣಪೋಳಿ ಮಾಡಿ ತಂದುಕೊಟ್ರು. ನೀವು ತಿಂದುಕೊಂಡೇ, ಹೂರಣ ಹೀಗಲ್ಲ ಹಾಗೆ ರುಬ್ಬಬೇಕು, ಕಣಕ ಹೀಗಲ್ಲ ಹಾಗೆ ನಾದಬೇಕು ಅಂತ ಅವರಿಗೇ ಪಾಠ ಹೇಳಿದ್ರಿ. ಜನ್ಮದಲ್ಲಿ ಒಂದು ಹೋಳಿಗೆ ತಟ್ಟಿದ್ದೀರಾ? ನೀವು ಆಫೀಸಿಗೆ ಹೋದ ಮೇಲೆ ಅವರು, ನಿಮ್ಮ ಯಜಮಾನರು ಯಾವಾಗ್ಲೂ ಹೀಗೇನಾ ಅಂತ ಕೇಳಿದ್ರು. ನಾನು ಹಿಂದಿನ ದಿನ ತಾನೇ ಲೇಡೀಸ್ ಡಬ್ಬಾದಲ್ಲಿ ಈ ಮಾತು ಕಲ್ತಿದ್ದೆ. ನಾನು ಕಲ್ತ ಮೊದಲನೇ ಮರಾಠಿ ಮಾತು ರೀ ಅದು. ಎಲ್ಲಾದ್ರೂ ಬಳಸ್ಬೇಕಲ್ಲ?"

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಅರ್ಥ ಗೊತ್ತಾ ಅಂತ ಕೇಳಿದ್ನಲ್ಲ ಅವತ್ತೇ. ಗೊತ್ತು ಅಂದ್ರಿ. ನಿಮಗೆ ಗೊತ್ತಿಲ್ಲ ಅಂತ ಹೇಳೋಕೆ ನಾನ್ಯಾರು?" ಎಂದಳು. ಆಮೇಲೆ ಸ್ವಲ್ಪ ಮೆತ್ತಗೆ, "ಅಷ್ಟು ಖುಷಿಯಾಗಿದ್ರಿ. ಅತ್ತೆಗೆ ಬೇರೆ ಫೋನ್ ಮಾಡ್ಬಿಟ್ಟಿದ್ರಿ" ಎಂದಳು.

ಕಾಕಾ ಅಷ್ಟು ಹೊತ್ತೂ ಎರಡು ಕಪ್ಪು ಹಿಡಿದು ನಿಂತೇ ಇದ್ದರು, ಚಹಾ ಆರುತ್ತಿತ್ತು. ನಾನು ಒಂದನ್ನು ತೆಗೆದುಕೊಂಡು ಪ್ಯಾಸೇಜಿಗೆ ಹೋಗಿ ನನ್ನ ಕುರ್ಚಿಯಲ್ಲಿ ಕೂತೆ. ನಿಂಬೆಹುಲ್ಲನ್ನು ಚಹಾ ಕುದಿಯುವಾಗ ಯಾವ ಹಂತದಲ್ಲಿ ಹಾಕಬೇಕು ಎಂಬುದು ನಾಲಿಗೆಯ ತುದಿಯವರೆಗೆ ಬಂದಿತ್ತು, ಚಹಾದ ಜೊತೆ ಅದನ್ನೂ ನುಂಗಿದೆ. ಕಾಕಾ ಸಂತೋಷದಿಂದ, ಆ ವರ್ಷದ ಗಣೇಶೋತ್ಸವದಲ್ಲಿ ಆರ್ಕೆಸ್ಟ್ರಾಕ್ಕಿಂತ ನನ್ನ ಭಾಷಣವೇ ಚೆನ್ನಾಗಿತ್ತೆಂದೂ, ಮುಂದಿನ ವರ್ಷವೂ ಮಾಡಲೇಬೇಕೆಂದು ಕಮಿಟಿ ತೀರ್ಮಾನಿಸಿದೆಯೆಂದೂ ಹೇಳಿದರು. ಅಮ್ಮನಿಗೆ ನಾನು ಏನೂ ತಿಳಿಸಲಿಲ್ಲ. ಆ ಜಗಲಿಯ ಮೇಲಾದರೂ ನಾನು ಬಿರುದಾಂಕಿತನಾಗಿ ಇರಲಿ.

ಇಷ್ಟಕ್ಕೆ ನಾನು ಪಾಠ ಕಲಿತೆ ಎಂದು ನೀವು ತಿಳಿಯಬಹುದು. ಕಲಿತಿದ್ದೇನೆ. ಮೊನ್ನೆ ವಟ ಪೂರ್ಣಿಮೆಯ ದಿನ ಶಾರದೆ ಮತ್ತು ಕಾಕೂ ಆಲದ ಮರಕ್ಕೆ ನೂಲು ಸುತ್ತಲು ಹೊರಟಿದ್ದರು. ಇದೇ ಗಂಡ ಏಳು ಜನ್ಮಕ್ಕೂ ಸಿಗಲಿ ಎಂದು ಇಲ್ಲಿನ ಹೆಂಗಸರು ಮಾಡುವ ವ್ರತ. ಆಲದ ಬಿಳಲು ಯಾಕೆ ನೆಲಕ್ಕೆ ಇಳಿಯುತ್ತದೆ, ನೂಲನ್ನು ಎಷ್ಟು ಬಿಗಿಯಾಗಿ ಕಟ್ಟಿದರೆ ಮರಕ್ಕೆ ತೊಂದರೆಯಿಲ್ಲ ಎಂಬುದನ್ನು ಬಾಗಿಲಲ್ಲೇ ನಿಲ್ಲಿಸಿ ಚುಟುಕಾಗಿ ಹೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಲಿಫ್ಟಿನ ಬಾಗಿಲು ಮುಚ್ಚುವಾಗ ಶಾರದೆ ಕಾಕೂಗೆ, "ಆಮಚೇ ಹೇ ಅಗದೀ ಅರ್ಧವಟ್" ಎಂದದ್ದು ಕೇಳಿಸಿತು. ನಮ್ಮವರು ತೀರಾ ಅರ್ಧವಟ್ ಎಂದು. ಲಿಫ್ಟು ಕೆಳಗಿಳಿಯುವವರೆಗೂ ನಗು ಕೇಳುತ್ತಲೇ ಇತ್ತು.

ಸೋಫಾದಲ್ಲಿದ್ದ ಮೇಘನಾ ಮೊಬೈಲಿನಿಂದ ತಲೆಯೆತ್ತಿ ಬಾಯಿ ತೆರೆದಳು.

"ಹೇಳಬೇಡ" ಎಂದೆ.

"ಪಕ್ಕಾ?"

"ಪಕ್ಕಾ."

ಒಂದೂವರೆ ಬುದ್ಧಿಯಿಂದ ಅರ್ಧಕ್ಕೆ ಇಳಿದಿದ್ದೇನೆ ಎಂಬಷ್ಟು ಲೆಕ್ಕ ನನಗೂ ತಿಳಿಯುತ್ತದೆ. ಅದರಾಚೆಗೆ ನನ್ನ ಹಳೆಯ ಪದ್ಧತಿಯನ್ನೇ ನಂಬಿದ್ದೇನೆ. ಅರ್ಧ ಎಂದರೆ ಅರ್ಧ, ವಟ ಎಂದರೆ ಆಲದ ಮರ. ಅರ್ಧ ಆಲದ ಮರದಂಥ ಗಂಡ. ಪೂರ್ತಿ ಅಲ್ಲದಿದ್ದರೂ ಒಬ್ಬರು ಕೂರುವಷ್ಟು ನೆರಳು ಇದ್ದೇ ಇರುತ್ತದೆ. ಪೂರ್ತಿ ಮರಕ್ಕೆ ಸುತ್ತಿದರೆ ಏಳು ಜನ್ಮವಾದರೆ ಅರ್ಧಕ್ಕೆ ಮೂರೂವರೆ, ಅದು ಇಬ್ಬರಿಗೂ ಅನುಕೂಲವೇ. ಮರಾಠಿ ಬಲ್ಲ ಓದುಗರು ಯಾರಾದರೂ ನನ್ನನ್ನು ಬೊರಿವಲಿ ಲೋಕಲ್‌ನಲ್ಲಿ ಕಂಡರೆ, ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆ ಎಂದು ಧಾರಾಳವಾಗಿ ಕೇಳಿ, ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ನೀವು ಮಾತ್ರ ದಯವಿಟ್ಟು ನನಗೆ ಏನನ್ನೂ ಹೇಳಬೇಡಿ.